ತೂತಿಲ್ಲದ ನಿಪ್ಪಲ್ ಇದೆಯೇ?

ಎಲ್ಲರ ಮನೆ ದೋಸೆಯೂ ತೂತೇ ಎಂದು ಹಿರಿಯರು ಹೇಳಿದ್ದಾರೆ. ಲೋಕವೆಲ್ಲ ಅದನ್ನು ಒಪ್ಪಿಕೊಂಡು ತೆಪ್ಪಗಿದೆ. ಒಪ್ಪದೆ ಉಳಿದವರು ಒಬ್ಬರೇ: ಭದ್ರಾವತಿಯ ನ್ಯೂ ಟೌನಿನಲ್ಲಿರುವ ನಮ್ಮ ಸೋದರಮಾವ. ತೂತು ಎಂದರೆ ಅವರಿಗೆ ವೈರಿ. ಕಂಡಲ್ಲಿ ಮುಚ್ಚಬೇಕು!

ಈ ವೈರ ಹುಟ್ಟಿದ್ದು ಕಾರಿನಿಂದ. ಕಾರ್ಖಾನೆಯಿಂದ ನಿವೃತ್ತರಾದ ಮರುವರ್ಷ ಮಾವ ಒಂದು ಹಳೇ ಕಾರು ತಂದರು. ದುಂಡು ಮೂತಿ, ಊದಿದ ಕೆನ್ನೆ, ವಯಸ್ಸಿನಲ್ಲಿ ಮಾವನಿಗಿಂತ ಸ್ವಲ್ಪವೇ ಚಿಕ್ಕದು. ಹಿಂದಿನ ಮಾಲೀಕರು ಯಾರೋ ಎಂಜಿನ್ನಿಗೆ ಏನೇನೋ ಜೋಡಿಸಿ, ಆಮೇಲೆ ಬೇಡವೆಂದು ಕಿತ್ತು, ಅವುಗಳ ಪುಟ್ಟ ನಳಿಗೆಗಳನ್ನು ಮಾತ್ರ ಬಾಯಿ ತೆರೆದಂತೆಯೇ ಬಿಟ್ಟಿದ್ದರು. ಕಾರ್ಬೊರೇಟರಿನ ದಾರಿಯಲ್ಲಿ ಮರ್ಯಾದೆಯಾಗಿ ಬರಬೇಕಾದ ಗಾಳಿ ಈ ಕಳ್ಳದಾರಿಗಳಲ್ಲಿ ನುಗ್ಗುತ್ತಿತ್ತು. ಪರಿಣಾಮ? ಮೊದಲು ‘ಸ್ಸ್’ ಎಂಬ ಬುಸುಗುಡುವಿಕೆ, ಆಮೇಲೆ ಬಿಕ್ಕಳಿಕೆ, ಕೊನೆಗೆ ಸಮಾಧಿ ಸ್ಥಿತಿ!

“ಯಾರಾದ್ರೂ ಮೆಕ್ಯಾನಿಕ್ ಹತ್ರ ಬಿಡಿ ಮಾವ” ಎಂದೆ.

“ಬಾಗಿಲು ಹಾಕ್ಕೊಳ್ಳೋದಕ್ಕೆ ಯಾರಾದ್ರೂ ಬಡಗೀನ ಕರೀತಾರಾ ಪುಟ್ಟಿ?” ಎಂದರು ಮಾವ. ನನ್ನ ಮಗಳು ಕಾಲೇಜು ಮುಗಿಸಿದ್ದಾಳೆ, ನಾನಿನ್ನೂ ಪುಟ್ಟಿ!

ಗಾಳಿ ಎಲ್ಲಿ ಎಳೆಯುತ್ತಿದೆ ಎಂದು ಕಂಡುಹಿಡಿಯಲು ಮಾವ ಅಗರಬತ್ತಿ ಹಚ್ಚಿದರು. ಹೊಗೆ ಎಲ್ಲಿ ಬಾಗಿ ಒಳಗೆ ಹೋಗುತ್ತದೋ ಅಲ್ಲಿ ತೂತು. ಪೆಟ್ರೋಲ್ ಎಂಜಿನ್ನಿನ ಪಕ್ಕ ಕೆಂಡ! ಅತ್ತೆ ಬಕೆಟ್ ತುಂಬ ಮರಳು ಹಿಡಿದು ಕಾವಲು ನಿಂತರು. “ರೀ, ಕಾರು ಸುಟ್ರೆ ಸುಡಲಿ, ನಿಮ್ಮ ಮೀಸೆ ಜೋಪಾನ.”

ಬಾನೆಟ್ಟಿನ ಸುತ್ತ ಅಗರಬತ್ತಿ ಆಡಿಸುತ್ತಿದ್ದ ಮಾವನನ್ನು ಕಂಡು ಎದುರುಮನೆಯ ತಮಿಳು ಅಜ್ಜಿ ಚಪ್ಪಲಿ ಬಿಟ್ಟು ಬಂದು, ಕಣ್ಣು ಮುಚ್ಚಿ ಕೈಮುಗಿದು ನಿಂತರು. ಅವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅತ್ತೆ ಒಳಗಿನಿಂದ ಬಾಳೆಹಣ್ಣು ತಂದುಕೊಟ್ಟರು. ಮರುದಿನ ಅಜ್ಜಿ ಸೊಸೆಯನ್ನೂ ಕರೆತಂದರು!

ತೂತುಗಳೇನೋ ಸಿಕ್ಕವು. ಬಿರಡೆ ಎಲ್ಲಿಂದ ತರುವುದು? ಮಾವ ಒಣ ಅಡಿಕೆ ಕೆತ್ತಿ ಜಡಿದರು. ಎಂಜಿನ್ನಿನ ಬಿಸಿಗೆ ಅದು ಬಿರುಕು ಬಿಟ್ಟು ಉದುರಿತು.

“ಎಲೆ ಸುಣ್ಣ ಇಲ್ದೆ ಬರೀ ಅಡಿಕೆ ಕೊಟ್ರೆ ಯಾರು ಹಾಕ್ಕೋತಾರೆ?” ಎಂದರು ಅತ್ತೆ.

ರಬ್ಬರೇ ಬೇಕು ಎಂದು ತೀರ್ಮಾನವಾಯಿತು. ಮಾವ ಶಿವಮೊಗ್ಗಕ್ಕೆ ಬಂದು, ನವುಲೆಯ ನಮ್ಮ ಮನೆಯಲ್ಲಿ ಊಟ ಮಾಡಿ, ನನ್ನನ್ನು ಜೊತೆಗೆ ಕರೆದುಕೊಂಡು ಒಂದು ಔಷಧಿ ಅಂಗಡಿಗೆ ನುಗ್ಗಿದರು.

“ಬಾಟ್ಲಿ ನಿಪ್ಪಲ್ ಇದೆಯಾ? ತೂತಿಲ್ಲದ್ದು ಬೇಕು.”

ಅಂಗಡಿಯವರು ಕನ್ನಡಕ ಸರಿಮಾಡಿಕೊಂಡರು. “ತೂತಿಲ್ದಿದ್ರೆ ಹೀರೋದು ಹೇಗೆ ಸಾರ್?”

“ಹೀರಬಾರದು ಅಂತಲೇ ಮಾರಾಯ್ರೇ! ಹಗಲೆಲ್ಲ ಹೀರಿ ಹೀರಿ ಪ್ರಾಣ ತಿಂತಿದೆ.”

“ಮಗೂಗೆ ಎಷ್ಟು ತಿಂಗಳು?”

“ತಿಂಗಳಾ? ಅರವತ್ತು ವರ್ಷ ಆಗ್ತಾ ಬಂತು!”

ಅಂಗಡಿಯವರು ಮಾವನನ್ನು ಬಿಟ್ಟು ನನ್ನ ಮುಖ ನೋಡಿದರು. ಪಾಪ, ಯಾವ ಡಾಕ್ಟರ ಹತ್ತಿರ ತೋರಿಸುತ್ತಿದ್ದಾರೋ ಎಂಬ ಕನಿಕರ ಅವರ ಕಣ್ಣಲ್ಲಿತ್ತು! ನಾನು ಕಾರಿನ ಕಥೆ ಹೇಳಿದ ಮೇಲೆ ನಕ್ಕು, ಡ್ರಾಪರಿನ ತುದಿಯ ರಬ್ಬರ್ ಬುರುಡೆಗಳನ್ನು ತೆಗೆದುಕೊಟ್ಟರು. ನಳಿಗೆಗಳ ಬಾಯಿಗೆ ಅವು ಟೋಪಿಯ ಹಾಗೆ ಕೂತವು. ಬುಸುಗುಡುವುದು ನಿಂತಿತು.

ಗೆದ್ದ ಮನುಷ್ಯ ಸುಮ್ಮನಿರುತ್ತಾನೆಯೇ? ಆ ಹುರುಪಿನಲ್ಲಿ ಮಾವ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿದ್ದ ಸೂಜಿಮೊನೆಯಷ್ಟು ತೂತಿಗೂ ಅಂಟು ಮೆತ್ತಿದರು. ನಮಗೆ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಹತ್ತಿಸಿಕೊಂಡು ಸಕ್ರೆಬೈಲಿಗೆ ಆನೆ ಸ್ನಾನ ತೋರಿಸಲು ಹೊರಟರು. ಗಾಜನೂರು ದಾಟಿದ್ದೇ ಕಾರು ಗಪ್ಪೆಂದು ನಿಂತಿತು. ಮಾವ ಬಾನೆಟ್ ಎತ್ತಿ ರಬ್ಬರ್ ಟೋಪಿಗಳನ್ನೆಲ್ಲ ಒತ್ತಿ ನೋಡಿದರು. ಎಲ್ಲ ಭದ್ರ!

“ಆನೆ ನೋಡೋಕೆ ಬಂದು ನಿಮ್ಮ ಬೆನ್ನು ನೋಡ್ತಾ ಕೂತಿದ್ದೀವಿ. ಪೆಟ್ರೋಲಾದ್ರೂ ಇದೆಯೋ ಇಲ್ವೋ?” ಎಂದು ಅತ್ತೆ ಇಳಿದು ಟ್ಯಾಂಕಿನ ಮುಚ್ಚಳ ತಿರುವಿದರು. ‘ಹ್ಹಾ’ ಎಂದು ದೊಡ್ಡ ನಿಟ್ಟುಸಿರು ಕೇಳಿತು. ಮಾವ ಕೀಲಿ ತಿರುಗಿಸಿದರೆ ಕಾರು ತಕ್ಷಣ ಶುರುವಾಯಿತು!

ಮಾವ ತಲೆ ಕೆರೆದುಕೊಂಡರು. “ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಬರಬೇಕು ಕಣೇ. ಅದೊಂದು ಮುಚ್ಚಬಾರದಿತ್ತು.”

“ಅಂತೂ ಬೇಕಾದ ತೂತು ಅಂತ ಒಂದಾದ್ರೂ ಸಿಕ್ತಲ್ಲ!” ಎಂದರು ಅತ್ತೆ. ನಾವು ತಲುಪುವಷ್ಟರಲ್ಲಿ ಆನೆಗಳು ಸ್ನಾನ ಮುಗಿಸಿ ಕಾಡಿಗೆ ಹೋಗಿದ್ದವು. ನಾವು ಒದ್ದೆ ಹೆಜ್ಜೆಗುರುತು ನೋಡಿಕೊಂಡು ವಾಪಸ್ಸು ಬಂದೆವು.

ಮುಚ್ಚಳ ಸರಿಹೋದ ಮೇಲೆ ಕಾರು ರೇಷ್ಮೆಯಂತೆ ಓಡತೊಡಗಿತು. ಕಳೆದ ತಿಂಗಳು ಭದ್ರಾವತಿಗೆ ಹೋದಾಗ ಮಾವ ಜಗಲಿಯ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ತೊಡೆಯ ಮೇಲಿನ ಪೇಪರು ಮಡಚಿದಂತೆಯೇ ಇತ್ತು.

“ಕಾರು ಹೇಗಿದೆ ಮಾವ?”

“ಏನೂ ತೊಂದರೆ ಇಲ್ಲ ಪುಟ್ಟಿ” ಎಂದರು, ಹತ್ತಿರದವರು ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

ಮಾವ ಸ್ನಾನಕ್ಕೆ ಎದ್ದುಹೋದರು. ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವರೇ ಸೀದಾ ಕಾರಿನ ಬಳಿ ಹೋಗಿ ಬಾನೆಟ್ ಎತ್ತಿದರು. ಒಳಗೆ ಬಗ್ಗಿ, ಒಂದು ರಬ್ಬರ್ ಟೋಪಿಯನ್ನು ಹಿಡಿದು ಕಿತ್ತರು!

“ಅತ್ತೆ! ಏನ್ ಮಾಡ್ತಿದ್ದೀರಾ?”

“ಶ್! ಮೆತ್ತಗೆ ಮಾರಾಯ್ತಿ.” ಅತ್ತೆ ಬಚ್ಚಲಿನ ಕಡೆ ನೋಡಿದರು. “ರಿಟೈರಾದ ವರ್ಷ ಹಿಂಗೇ ಕೂತಿದ್ರು. ಹಸಿವು ಅಂತಿರ್ಲಿಲ್ಲ, ಸಾರಿಗೆ ಉಪ್ಪು ಜಾಸ್ತಿ ಅಂತ ಬೈತಿರ್ಲಿಲ್ಲ. ನಂಗೆ ಭಯ ಆಗಿಬಿಟ್ಟಿತ್ತು. ಈ ಕಾರು ಬಂದ್ಮೇಲೆ ಮತ್ತೆ ಮನುಷ್ಯ ಆದ್ರು. ಕಾರು ಸರಿಯಾಯ್ತು ನೋಡು, ಪುನಃ ಕುರ್ಚಿ ಹಿಡಿದಿದ್ದಾರೆ.”

ಟೋಪಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬಾನೆಟ್ ಮುಚ್ಚಿ, ಏನೂ ಅರಿಯದವರಂತೆ ಒಳಗೆ ಹೋದರು. ಮಾವ ಸ್ನಾನ ಮುಗಿಸಿ ಬಂದ ಮೇಲೆ “ರೀ, ಪೇಟೆಯಿಂದ ಕೊತ್ತಂಬರಿ ತಂದುಕೊಡಿ” ಎಂದರು.

ಮಾವ ಕಾಲೆಳೆಯುತ್ತ ಹೋಗಿ ಕಾರು ಶುರು ಮಾಡಿದರು. ಸ್ವಲ್ಪ ಹೊತ್ತು ಕಿವಿಗೊಟ್ಟರು. ಆಮೇಲೆ ಗಲ್ಲಿಗೆಲ್ಲ ಕೇಳುವಂತೆ ಕೂಗಿದರು: “ಪುಟ್ಟೀ! ಬಾ ಇಲ್ಲಿ! ಎಲ್ಲೋ ಗಾಳಿ ಎಳೀತಿದೆ!” ಅಂಗಿಯ ತೋಳು ಮಡಚುತ್ತ ಇಳಿದವರ ಮುಖ ಹಬ್ಬದಂತಿತ್ತು.

“ಹಾಳು ಕಾರು! ಇವತ್ತು ಅಡುಗೆ ಆದ ಹಾಗೇ!” ಎಂದು ಅತ್ತೆ ಒಳಗಿನಿಂದ ಬೈದರು. ಬೈಯುತ್ತಲೇ ಸೆರಗಿನ ಗಂಟನ್ನು ಇನ್ನಷ್ಟು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು.