ಕಿಸೆಯಲ್ಲಿ ಬಂದ ಟಿಸಿ

ನಾನು ಯಾವ ಕೆಲಸಕ್ಕೂ ಅವಸರದಿಂದ ಕೈ ಹಾಕುವವನಲ್ಲ. ಹಿಂದೆ ಮುಂದೆ ನೋಡಿ, ಅಳೆದು ತೂಗಿ, ಆಮೇಲೆ ನನಗೆ ತೋಚಿದ್ದನ್ನೇ ಮಾಡುವವನು. ಆದ್ದರಿಂದ ಮಗಳು ಗೌರಿ ಐದನೆಯ ತರಗತಿ ಪಾಸಾದಾಗ, ಆರನೆಯದಕ್ಕೆ ಅವಳನ್ನು ಊರ ಸರ್ಕಾರಿ ಶಾಲೆಯಲ್ಲೇ ಬಿಡಬೇಕೋ, ಕೆಂಭಾವಿಯ ಇಂಗ್ಲಿಷ್ ಶಾಲೆಗೆ ಹಾಕಬೇಕೋ ಎಂಬ ಮಹತ್ವದ ಪ್ರಶ್ನೆಯನ್ನು ಅಡುಗೆಮನೆಯ ಸಭೆಯ ಮುಂದಿಟ್ಟೆ. ಸಭೆಗೆ ನಾನು, ನನ್ನ ಹೆಂಡತಿ ಶಾಂತಾ ಮತ್ತು ಒಲೆಯ ಮೇಲಿನ ಬೇಳೆ ಹಾಜರಿದ್ದೆವು.

ಕಾಲುವೆ ಬಂದ ಮೇಲೆ ನಮ್ಮೂರಿಗೆ ಭತ್ತ ಬಂತು. ಭತ್ತದ ಹಿಂದೆ ಮೋಟರ್ ಸೈಕಲ್ ಬಂತು. ಅದರ ಹಿಂದೆ ಇಂಗ್ಲಿಷ್ ಶಾಲೆಯ ಹಳದಿ ಬಸ್ಸೂ ಬಂದು, ನನ್ನ ಕಿರಾಣಿ ಅಂಗಡಿಯ ಮುಂದೆಯೇ ನಿಲ್ಲತೊಡಗಿತು. ಟೈ ಕಟ್ಟಿಕೊಂಡ ಮಕ್ಕಳು ಅದನ್ನು ಹತ್ತುವುದನ್ನು ದಿನಾ ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು.

“ನಮ್ಮ ಸಾಲಿಗೆ ಏನಾಗ್ಯಾದ್ರಿ?” ಎಂದಳು ಶಾಂತಾ. “ಗುರುಗಳು ಛಲೋ ಕಲಸ್ತಾರ. ಹುಡುಗಿ ಗಣಿತದಾಗ ಮುಂದ ಅದಾಳ. ಮಧ್ಯಾಹ್ನ ಬಿಸಿ ಊಟ ಸಿಗ್ತದ.”

“ಟೈ ಎಲ್ಲದ?” ಎಂದೆ.

“ಟೈ ಕಟ್ಕೊಂಡ್ರ ಲೆಕ್ಕ ಬರ್ತಾವೇನ್ರಿ? ಅದೂ ಇರ್ಲಿ. ಆ ಸಾಲಿಗೆ ನೀವೇ ಅಧ್ಯಕ್ಷರಲ್ಲ!”

ಇದೊಂದು ಸಣ್ಣ ತೊಡಕು. ನಮ್ಮ ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ನಾನೇ ಅಧ್ಯಕ್ಷ. ಪ್ರತಿ ಸ್ವಾತಂತ್ರ್ಯ ದಿನದಂದು ಧ್ವಜದ ಕೆಳಗೆ ನಿಂತು, “ಸರ್ಕಾರಿ ಶಾಲೆಗಳನ್ನು ಉಳಿಸಿ, ಬೆಳೆಸಿ” ಎಂದು ಮೈಕಿನಲ್ಲಿ ಗಂಟಲು ಹರಿಯುವಂತೆ ಕೂಗುವವನು. ಆದರೆ ಭಾಷಣ ಬೇರೆ, ಮಗಳು ಬೇರೆ!

ಅಷ್ಟರಲ್ಲಿ ಗೌರಿ ಬಾಗಿಲಲ್ಲಿ ನಿಂತು, “ಅಪ್ಪಾ, ನಾ ಎಲ್ಲೂ ಹೋಗಂಗಿಲ್ಲ. ನನ್ನ ಗೆಳತ್ಯಾರೆಲ್ಲ ಇಲ್ಲೇ ಅದಾರ” ಎಂದು ಕಣ್ಣೀರು ಹಾಕಿದಳು. ಆಹ್ವಾನವಿಲ್ಲದವರ ಮಾತನ್ನು ಸಭೆ ಗಣನೆಗೆ ತೆಗೆದುಕೊಳ್ಳಲಿಲ್ಲ. ಕೆಂಭಾವಿಯ ಪರವಾದ ನಿರ್ಣಯ ಒಂದರ ವಿರುದ್ಧ ಎರಡು ಮತಗಳಿಂದ ಅಂಗೀಕಾರವಾಯಿತು. ಎರಡೂ ನನ್ನವೇ. ಒಂದು ಅಪ್ಪನದು, ಇನ್ನೊಂದು ಅಧ್ಯಕ್ಷನದು!

ಇಂಗ್ಲಿಷ್ ಶಾಲೆಯವರು ಮೊದಲು ಟಿಸಿ ತರಬೇಕೆಂದರು. ಟಿಸಿ ಎಂದರೆ ಮಗು ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕೊಡುವ ವರ್ಗಾವಣೆ ಪತ್ರ. ಆದರೆ ನಮ್ಮ ಕಡೆ ಕರೆಂಟಿನ ಟ್ರಾನ್ಸ್‌ಫಾರ್ಮರಿಗೂ ಟಿಸಿ ಎಂದೇ ಹೆಸರು. ಊರ ಆ ಟಿಸಿ ಅದೇ ವಾರ ಢಂ ಎಂದು ಸುಟ್ಟು, ಗಿರಣಿ ನಿಂತು, ನಲ್ಲಿ ಒಣಗಿ, ಜನ ಕತ್ತಲಲ್ಲಿ ಕೂತಿದ್ದರು. ಈ ಎರಡನೆಯ ಟಿಸಿಯನ್ನು ನೀವು ನೆನಪಿಡಿ. ನಾನು ಮರೆತಿದ್ದೆ!

ಮರುದಿನ ಬೆಳಿಗ್ಗೆ ಮೋಟರ್ ಸೈಕಲ್ ಹತ್ತಿ, ಓಣಿಗೆಲ್ಲ ಕೇಳುವಂತೆ ಶಾಂತಾಳಿಗೆ ಘೋಷಿಸಿದೆ. “ಇವತ್ತ ಏನರ ಆಗ್ಲಿ, ಟಿಸಿ ತಗೊಂಡೇ ಬರ್ತೀನಿ!”

ಎದುರು ಮನೆಯ ಗಿರಣಿ ಮಲ್ಲಣ್ಣ ಓಡಿ ಬಂದು ನನ್ನ ಕೈ ಹಿಡಿದುಕೊಂಡ. “ಖರೇನೇ ಅಧ್ಯಕ್ಷರ? ಇವತ್ತೇ ಬರ್ತದ?”

ನನ್ನ ಮಗಳ ಓದಿನ ಬಗ್ಗೆ ಇವನಿಗೆ ಇಷ್ಟು ಕಾಳಜಿಯೇ ಎಂದು ಹೃದಯ ತುಂಬಿ ಬಂತು.

“ಇವತ್ತೇ ಬರ್ತದ. ದೊಡ್ಡವರದು ಒಂದ ಸಹಿ ಬಾಕಿ ಅದ, ಅಷ್ಟ.”

“ಟ್ರ್ಯಾಕ್ಟರ ಕಳಸ್ಲೇನ್ರಿ?”

“ಒಂದ ಟಿಸಿ ತರಾಕ ಟ್ರ್ಯಾಕ್ಟರ ಯಾಕೋ ಮಾರಾಯ? ಅಂಗಿ ಕಿಸೆದಾಗ ಹಾಕ್ಕೊಂಡ ಬರ್ತೀನಿ!”

ಮಲ್ಲಣ್ಣ ಬಿದ್ದು ಬಿದ್ದು ನಕ್ಕ. ದೊಡ್ಡ ಕೆಲಸವನ್ನು ಹಗುರಾಗಿ ಹೇಳುವುದು ದೊಡ್ಡ ಮನುಷ್ಯರ ಲಕ್ಷಣವೆಂದು ತಿಳಿದನಂತೆ. ನಾನೂ ನಕ್ಕೆ. ಯಾಕೆಂದು ನನಗೇ ಗೊತ್ತಿರಲಿಲ್ಲ!

ಶಾಲೆ ಊರ ಹೊರಗೆ, ಕೆಂಭಾವಿಯ ದಾರಿಯಲ್ಲಿ, ಕಾಲುವೆಯ ದಂಡೆಗಿದೆ. ಮುಖ್ಯ ಗುರುಗಳು ಕುರ್ಚಿ ಹಾಕಿದರು. ನಾನು ಗೌರಿಯ ಟಿಸಿ ಕೇಳಿದೆ. ಅವರ ಮುಖ ಸಣ್ಣದಾಯಿತು. ಪೆನ್ನು ತೆಗೆದು, “ಸಾಲಿ ಬಿಡಾಕ ಕಾರಣ ಏನಂತ ಬರೀಲ್ರಿ?” ಎಂದರು.

ಟೈ ಎನ್ನಲು ನಾಲಿಗೆ ಏಳಲಿಲ್ಲ. ಮೇಲೆ ನೋಡಿದೆ. “ಫ್ಯಾನ್ ತಿರಗವಲ್ದು ನೋಡ್ರಿ. ಮಕ್ಕಳಿಗೆ ಸೆಕಿ ಆಗ್ತದ.”

“ಫ್ಯಾನ್ ಛಲೋ ಅದರಿ. ಟಿಸಿ ಇಲ್ಲ.”

“ಅದನ್ನ ಕೇಳಾಕ ಬಂದೀನ್ರಿ, ಕೊಡ್ರಲ್ಲ!”

ಗುರುಗಳು ನನ್ನನ್ನೇ ಒಂದು ಗಳಿಗೆ ನೋಡಿದರು. ಬರೆದರು, ಸಹಿ ಮಾಡಿದರು, ಠಸ್ಸೆ ಹೊಡೆದರು. ಎಲ್ಲ ಮುಗಿದ ಮೇಲೆ ಮೆಲ್ಲಗೆ, “ಇಲ್ಲಿ ಓದೋ ಮಕ್ಕಳ ಪಾಲಕರೇ ಅಧ್ಯಕ್ಷ ಆಗಬೇಕ್ರಿ. ಮಗಳು ಹೋದ್ರ ಕುರ್ಚಿನೂ ಹೋಗ್ತದ” ಎಂದರು. ಇದನ್ನು ಠಸ್ಸೆಗೆ ಮೊದಲು ಹೇಳಬಾರದಿತ್ತೇ!

ಕೆಂಭಾವಿಗೆ ಹೋದೆ. ಅಲ್ಲಿ ಸೇರಿಸಿಕೊಳ್ಳುವವರು ಇರಲಿಲ್ಲ, ನಾಳೆ ಬನ್ನಿ ಎಂದರು. ಸಂತೆ ಸಾಮಾನು ಕೊಂಡು, ಟಿಸಿಯನ್ನು ಅಂಗಿ ಕಿಸೆಯಲ್ಲೇ ಇಟ್ಟುಕೊಂಡು, ಹೊತ್ತು ಮುಳುಗುವ ಮುಂದೆ ಊರಿಗೆ ಮರಳಿದೆ.

ಸುಟ್ಟ ಟಿಸಿಯ ಕಂಬದ ಹತ್ತಿರ ಊರಿಗೆ ಊರೇ ನೆರೆದಿತ್ತು. ತೆಂಗಿನಕಾಯಿ, ಊದಿನಕಡ್ಡಿ, ಹಲಗೆ ಬಡಿಯುವವರು! ಮೋಟರ್ ಸೈಕಲ್ ನಿಲ್ಲುವುದೇ ತಡ, ನನ್ನ ಕೊರಳಿಗೆ ಹಾರ ಬಿತ್ತು. ಮಗಳು ಇಂಗ್ಲಿಷ್ ಶಾಲೆಗೆ ಹೋಗುವುದು ಇಷ್ಟು ದೊಡ್ಡ ಸಂಗತಿಯೆಂದು ನನಗೆ ಆವರೆಗೆ ಹೊಳೆದಿರಲಿಲ್ಲ. ಕೈಯೆತ್ತಿ, “ಇದು ನನ್ನೊಬ್ಬನ ಗೆಲುವಲ್ಲ” ಎಂದು ಶುರು ಮಾಡಿದೆ. ಚಪ್ಪಾಳೆ!

ಮಲ್ಲಣ್ಣ ನನ್ನ ಹಿಂದಿನ ದಾರಿ ನೋಡುತ್ತಿದ್ದ. “ಲಾರಿ ಹಿಂದ ಬರಾಕತ್ತದೇನ್ರಿ?”

“ಯಾವ ಲಾರಿ?”

“ಮತ್ತ ಟಿಸಿ ಎಲ್ಲದರಿ?”

ಕಿಸೆಯಿಂದ ತೆಗೆದು ತೋರಿಸಿದೆ.

ಹಲಗೆ ನಿಂತಿತು. ಆಗ ನನಗೆ ಎರಡನೆಯ ಟಿಸಿ ನೆನಪಾಯಿತು. ಮಲ್ಲಣ್ಣನ ಮುದಿ ತಾಯಿ ಹತ್ತಿರ ಬಂದು, ಕಾಗದವನ್ನು ಮುಟ್ಟಿ ನೋಡಿ, “ಇದನ್ನ ಕಂಬಕ್ಕ ಕಟ್ಟಿದ್ರ ಲೈಟ ಹತ್ತತದೇನಪಾ?” ಎಂದಳು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದನ್ನಾದರೂ ತಡೆದುಕೊಂಡೆ. ಆದರೆ ಮಲ್ಲಣ್ಣ ಕಾಗದದಲ್ಲಿ ಗೌರಿಯ ಹೆಸರು ಓದಿದ. ಅವನ ಮಗಳೂ ಅದೇ ತರಗತಿ.

“ನಮ್ಮ ಮಕ್ಕಳು ಕುಂಡ್ರೋ ಸಾಲಿ ನಿಮ್ಮ ಮಗಳಿಗೆ ಬ್ಯಾಡಾತೇನ್ರಿ, ಅಧ್ಯಕ್ಷರ?”

ಈ ಸಲ ಯಾರೂ ನಗಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಹಾರವನ್ನು ನಾನೇ ತೆಗೆದು ಮೋಟರ್ ಸೈಕಲ್ಲಿಗೆ ಹಾಕಿ, ಅದನ್ನು ತಳ್ಳಿಕೊಂಡು ಮನೆಗೆ ಹೋದೆ.

ಮರುದಿನ ಟಿಸಿಯನ್ನು ಗುರುಗಳಿಗೆ ಹಿಂದಿರುಗಿಸಿದೆ. ಗೌರಿ ನನಗಿಂತ ಮುಂದೆ ಓಡಿ ತರಗತಿ ಸೇರಿದ್ದಳು. “ಮತ್ತ ಸೇರಾಕ ಕಾರಣ ಏನ ಬರೀಲ್ರಿ?” ಎಂದರು ಗುರುಗಳು, ನಗು ತಡೆದುಕೊಂಡು. ಮಗಳ ಕಣ್ಣೀರು ಎನ್ನಲೇ, ಮಲ್ಲಣ್ಣನ ಮಾತು ಎನ್ನಲೇ, ಕುರ್ಚಿ ಎನ್ನಲೇ? ನಾಳೆ ಹೇಳುತ್ತೇನೆಂದು ಬಂದು, ಮನೆಯಲ್ಲಿ ಶಾಂತಾಳನ್ನು ಕೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ, “ಕುರ್ಚಿ” ಎಂದಳು.

ಕೆಲವು ದಿನಗಳಲ್ಲಿ ನಿಜವಾದ ಟಿಸಿ ಲಾರಿಯಲ್ಲೇ ಬಂತು. ಅದಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ.

ಸ್ವಾತಂತ್ರ್ಯ ದಿನ ಬಂತು. ಧ್ವಜದ ಕೆಳಗೆ ನಿಂತು, ಈ ಸಲ ಮನಸಾರೆ, “ಸರ್ಕಾರಿ ಶಾಲೆಗಳನ್ನು ಉಳಿಸಿ” ಎಂದೆ. “ಬೆಳೆಸಿ” ಎನ್ನುವಷ್ಟರಲ್ಲಿ ಕರೆಂಟು ಹೋಗಿ ಮೈಕು ಸತ್ತಿತು. ಮೈದಾನಕ್ಕೆ ಮೈದಾನವೇ, ಗುರುಗಳೂ ಮಲ್ಲಣ್ಣನೂ ಮುಂದಿನ ಸಾಲಿನ ಗೌರಿಯೂ, ನನ್ನ ಅಂಗಿ ಕಿಸೆಯನ್ನೇ ನೋಡಿದರು.

ನನ್ನ ಕೈಯೂ ಅಲ್ಲಿಗೇ ಹೋಯಿತು! ಸಿಕ್ಕಿದ್ದು ಬಾಚಣಿಗೆ.