ಸೊಂಟದೆತ್ತರದ ಕಂಬ

ನಮ್ಮ ದೊಡ್ಡಪ್ಪನ ಕೈಗೆ ಮೊಳೆ ಕೊಟ್ಟು ಕ್ಯಾಲೆಂಡರ್ ನೇತುಹಾಕಿ ಎಂದರೆ ಮುಗಿಯಿತು, ಮುಂದೆ ಗೋಡೆ ಬಿದ್ದರೂ ಮೊಳೆ ಬೀಳುವುದಿಲ್ಲ! ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ನಿವೃತ್ತರಾಗಿ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಗೋಪಾಳಕ್ಕೆ ಬಂದರು. ಕಾರ್ಖಾನೆ ಮಾತ್ರ ಅವರನ್ನು ಬಿಡಲಿಲ್ಲ. ಅವರ ಮನೆಯಲ್ಲಿ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತೆಗೆಯಲೂ ಸ್ಪ್ಯಾನರ್ ಬೇಕು. ಇಂಥವರು ಬೀದಿಯಲ್ಲಿ ಕಂಬ ನೆಡಲು ಹೊರಟರೆ, ಜೊತೆಗೆ ಸಿಕ್ಕಿಬಿದ್ದ ನನ್ನ ಗತಿ ಏನಾಗಬೇಕು, ನೀವೇ ಹೇಳಿ!

ಕಂಬ ಯಾಕೆಂದರೆ, ದೊಡ್ಡಮ್ಮನಿಗೆ ಮರೆವು ಹತ್ತಿದೆ. ಬಾಗಿದ ಬೆನ್ನು, ಕೈಯಲ್ಲಿ ಹೂವಿನ ಬುಟ್ಟಿ. ಸಂಜೆ ಆಂಜನೇಯನ ಗುಡಿಗೆ ಹೋದವರು ವಾಪಸ್ ಬರುವಾಗ ನಮ್ಮ ತಿರುವನ್ನೇ ಮರೆಯುತ್ತಾರೆ. ಎರಡು ಸಲ ಬೀದಿ ಬೀದಿ ಹುಡುಕಿ ಕರೆತಂದೆವು. ಎರಡನೇ ಸಲ ಯಾರದೋ ಮನೆಯ ಗೇಟು ಹಿಡಿದುಕೊಂಡು ಅಳುತ್ತಿದ್ದರು.

"ಗೇಟಿಗೆ ಬೀಗ ಹಾಕಿಬಿಡಿ ದೊಡ್ಡಪ್ಪ" ಎಂದೆ.

"ಬೀಗ ಹಾಕೋಕೆ ಅವಳೇನು ಸ್ಟೋರ್ ರೂಮೇನೋ?"

"ಹಾಗಾದ್ರೆ ನೀವೇ ಜೊತೆಗೆ ಹೋಗಿ."

"ಹೋದ್ರೆ ಬೈತಾಳೆ ಮಾರಾಯ, ನಾನೇನು ಕೂಸಾ ಅಂತ. ಅವಳು ಒಬ್ಳೇ ಹೋಗ್ಬೇಕು, ಒಬ್ಳೇ ಬರ್ಬೇಕು. ತಿರುವಿಗೆ ಬೋರ್ಡ್ ಇಲ್ಲ ನೋಡು, ಅದೇ ತಪ್ಪು."

ಬೋರ್ಡಿಗಾಗಿ ಪಾಲಿಕೆಗೆ ಅರ್ಜಿ ಕೊಟ್ಟರು. ಮೂರು ಸಲ ಅಲೆದ ಮೇಲೆ "ಬೇಕಾದ್ರೆ ನೀವೇ ಹಾಕ್ಕೊಳ್ಳಿ ಯಜಮಾನ್ರೇ" ಎಂಬ ಉತ್ತರ ಬಂತು. ಹೇಳಿದವರಿಗೆ ನಮ್ಮ ದೊಡ್ಡಪ್ಪ ಗೊತ್ತಿರಲಿಲ್ಲ, ಪಾಪ!

ಭಾನುವಾರ ಬೆಳಿಗ್ಗೆ ನನ್ನನ್ನು ಭದ್ರಾವತಿಯ ಓಲ್ಡ್ ಟೌನಿಗೆ ಎಳೆದೊಯ್ದರು. ಶಿವಮೊಗ್ಗದಲ್ಲಿ ಪೈಪು ಸಿಗುವುದಿಲ್ಲವೇ? "ಅದು ಪೈಪಲ್ಲವೋ, ಎಳನೀರು ಕುಡಿಯೋ ಸ್ಟ್ರಾ!" ಗುಜರಿ ಅಂಗಡಿಯ ಪೈಪುಗಳನ್ನೆಲ್ಲ ಬಡಿದು, ಕಿವಿಯಿಟ್ಟು ಕೇಳಿ, ಕೊನೆಗೆ ಎಂಟಡಿಯದೊಂದನ್ನು ಒಪ್ಪಿದರು. ಅದನ್ನು ಬಸ್ಸಿಗೆ ಹತ್ತಿಸಿದ್ದಾಯಿತು.

"ಯಜಮಾನ್ರೇ, ಇದಕ್ಕೂ ಟಿಕೆಟ್ ಆಗುತ್ತೆ" ಎಂದ ಕಂಡಕ್ಟರ್.

"ಆಗ್ಲಿ. ಇದಕ್ಕೂ ನನ್ನಷ್ಟೇ ವಯಸ್ಸಾಗಿದೆ. ಹಿರಿಯ ನಾಗರಿಕರ ರಿಯಾಯ್ತಿ ಕೊಡಪ್ಪ!"

ಬಸ್ಸಿಗೆ ಬಸ್ಸೇ ನಕ್ಕಿತು. ಪೈಪಿನ ತುದಿ ನನ್ನ ಕಾಲಿನ ಮೇಲಿದ್ದುದರಿಂದ ನಾನೊಬ್ಬ ನಗಲಿಲ್ಲ.

ಗುಂಡಿಯ ಕತೆ ಇನ್ನೂ ಘೋರ. ಹಾರೆ ನನ್ನ ಕೈಯಲ್ಲಿ, ಓರೆಕೋರೆ ನೋಡುವ ರಸಮಟ್ಟ ಅವರ ಕೈಯಲ್ಲಿ. ಎಂಟಡಿ ಕಂಬಕ್ಕೆ ನಾಲ್ಕೂವರೆ ಅಡಿ ಗುಂಡಿಯಂತೆ! ನಾವು ಕಂಬ ನೆಡುತ್ತಿದ್ದೆವೋ, ಬಾವಿ ತೋಡುತ್ತಿದ್ದೆವೋ?

"ಎರಡಡಿ ಸಾಕು ದೊಡ್ಡಪ್ಪ, ಸೊಂಟ ಹೋಯ್ತು."

"ಯಾರಾದ್ರೂ ಒರಗಿದ್ರೆ?"

"ಯಾರು ಒರಗ್ತಾರೆ? ಎಮ್ಮೆನಾ?"

ದೊಡ್ಡಪ್ಪ ನಗಲಿಲ್ಲ. "ತೋಡು" ಎಂದರು.

ಕಾಂಕ್ರೀಟ್ ಹಾಕಿ, ತುದಿಗೆ ಬೋರ್ಡು ಬಿಗಿದು, ಅದರ ಸಮೇತ ಒದ್ದೆ ಗೋಣಿ ಸುತ್ತಿ, ವಾರವಿಡೀ ಎರಡು ಹೊತ್ತು ನೀರೆರೆದರು. ಮೂರನೇ ದಿನ ಗೋಣಿಗೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಐದನೇ ದಿನ ದಾಸವಾಳವೂ ಬಂತು! "ಇರ್ಲಿ ಬಿಡೋ, ಅಭಿಷೇಕ ಅಂದ್ಕೊಂಡಿದ್ದಾರೆ" ಎಂದು ದೊಡ್ಡಪ್ಪ ಇನ್ನೊಂದು ಕೊಡ ಸುರಿದರು.

ಎಂಟನೇ ದಿನ ಗೋಣಿ ಬಿಚ್ಚಿದಾಗಲೇ ನನ್ನ ತಲೆಗೆ ಹೊಳೆದದ್ದು, ಬೋರ್ಡು ನನ್ನ ಸೊಂಟದೆತ್ತರಕ್ಕಿದೆ! "ಇದನ್ನ ಓದೋಕೆ ಬೀದಿ ನಾಯಿಗಳೇ ಬರ್ಬೇಕು" ಎಂದರು ಎದುರುಮನೆಯ ಮೇಷ್ಟ್ರು. ಬೀದಿಯೆಲ್ಲ ನಕ್ಕಿತು. ನನಗೆ ಅಳುವೇ ಬಂತು. ಅಷ್ಟು ತೋಡಿದ್ದು ಇದಕ್ಕಾ?

"ಅಳತೆ ತಪ್ಪಿತಲ್ಲ ದೊಡ್ಡಪ್ಪ! ಇನ್ನು ಕೀಳೋಕೂ ಆಗಲ್ಲ."

"ಅಳತೆ ಸರಿ ಇದೆ" ಎಂದಷ್ಟೇ ಹೇಳಿ ಗೇಟಿನ ಬಳಿ ನಿಂತರು.

ಸಂಜೆ ದೊಡ್ಡಮ್ಮ ಗುಡಿಯಿಂದ ಬಂದರು. ಅವರು ತಲೆಯೆತ್ತಿ ನಡೆದು ವರ್ಷಗಳೇ ಆದವು. ನೆಲ ನೋಡುತ್ತಲೇ ಬರುತ್ತಾರೆ. ಕಂಬದ ಹತ್ತಿರ ನಿಂತರು. ಬುಟ್ಟಿ ಕೆಳಗಿಟ್ಟು, ಎರಡೂ ಕೈಯಲ್ಲಿ ಕಂಬ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಉಸಿರು ತೆಗೆದುಕೊಂಡರು. ಬೋರ್ಡು ಸರಿಯಾಗಿ ಅವರ ಕಣ್ಣಿನ ಮುಂದಿತ್ತು. "ಮೂ...ರನೇ ತಿರುವು" ಎಂದು ಗಟ್ಟಿಯಾಗಿ ಓದಿ, ಬುಟ್ಟಿ ಎತ್ತಿಕೊಂಡು ನಮ್ಮ ಬೀದಿಗೆ ತಿರುಗಿದರು.

ಹತ್ತಿರ ಬಂದವರು ನನ್ನ ಮುಖವನ್ನೇ ನೋಡಿ, "ಯಾರ ಮಗನಪ್ಪ ನೀನು?" ಎಂದು ಕೇಳಿ ಒಳಗೆ ಹೋದರು. ನನ್ನನ್ನು ಎತ್ತಿ ಆಡಿಸಿದ ದೊಡ್ಡಮ್ಮ!

ದುಃಖ ತಡೆಯಲಾಗಲಿಲ್ಲ. "ನಾಳೆ ಓದೋದೂ ಮರೆತ್ರೆ ಏನ್ ಮಾಡ್ತೀರಿ ದೊಡ್ಡಪ್ಪ?" ಎಂದುಬಿಟ್ಟೆ.

ಅವರು ಕಂಬವನ್ನೇ ನೋಡುತ್ತಿದ್ದರು.

"ಅದಕ್ಕೇ ಅಷ್ಟು ಆಳ ತೋಡಿಸಿದ್ದು ಮಾರಾಯ. ಹಿಡ್ಕೊಂಡು ನಿಂತಿರ್ತಾಳೆ. ನಾನು ಹೋಗಿ ಕರ್ಕೊಂಡು ಬರ್ತೀನಿ."