ನಾನು ತಾಲೀಮು ಕೊಟ್ಟ ಕುದುರೆ

ನನ್ನಂಥ ದಪ್ಪ ಮನುಷ್ಯ ನಗೆಪಾಟಲಾಗಲು ಬೇರೆ ಪ್ರಯತ್ನವೇನೂ ಬೇಕಿಲ್ಲ, ಮನೆಯಿಂದ ಹೊರಬಿದ್ದರೆ ಸಾಕು. ಎಪ್ಪತ್ತರ ದಶಕದ ಕೊನೆಗೆ, ಇಳಕಲ್ಲಿನಲ್ಲಿ ಗಣಿತದ ಮಾಸ್ತರನಾಗಿದ್ದಾಗ, ನಾನು ದಿನಾಲು ಬೆಳಗಿನ ಐದೂವರೆಗೇ ಹೊರಬೀಳುತ್ತಿದ್ದೆ.

ಡಾಕ್ಟರ ಅಪ್ಪಣೆ

ಮೈ ಇಳಿಸದಿದ್ದರೆ ಮೊಣಕಾಲು ಕೈಕೊಡುತ್ತವೆ ಎಂದು ಡಾಕ್ಟರು ಹೆದರಿಸಿದ್ದರು. ಹುನಗುಂದದ ರಸ್ತೆಗುಂಟ ದಿನಾ ಎರಡು ಮೈಲಿ ಹೋಗಿ ಬರಬೇಕೆಂದು ಅಪ್ಪಣೆಯಾಯಿತು. ಊರು ದಾಟಿದೊಡನೆ ಒಂದು ಬಯಲು. ಅಲ್ಲಿ ಟಾಂಗಾದವರು ಗಾಡಿ ಓಟದ ಶರ್ಯತ್ತಿಗಾಗಿ ಕುದುರೆಗಳಿಗೆ ತಾಲೀಮು ಕೊಡುತ್ತಿದ್ದರು. ರಸ್ತೆ ಬದಿಗೆ ಯಾರೋ ಬಿಟ್ಟುಹೋದ ಕೆಂಪು ಕಲ್ಲಿನ ಬಂಡೆಯಿತ್ತು. ಕುಳಿತು ನೋಡಿದೆ. ಮರುದಿನವೂ ಕುಳಿತೆ. ಕುದುರೆಗಳು ಮನೆಗೆ ಹೊರಟ ಮೇಲೆ ನಾನೂ ಎದ್ದು, ಚಹಾದಂಗಡಿಯಲ್ಲಿ ಒಂದು ಪ್ಲೇಟು ಮಿರ್ಚಿ ಭಜಿ ಮುಗಿಸಿ ಮನೆಗೆ ಬರುತ್ತಿದ್ದೆ.

ತಿಂಗಳ ಮೇಲೆ ತೂಕ ನೋಡಿದರೆ ಮುಳ್ಳು ಇನ್ನಷ್ಟು ಮುಂದಕ್ಕೆ ಹೋಗಿತ್ತು. ದಿನಾ ಹೋಗುತ್ತೀರೋ ಇಲ್ಲವೋ ಎಂದರು ಡಾಕ್ಟರು. ಒಂದು ದಿನವೂ ತಪ್ಪಿಸಿಲ್ಲ ಎಂದೆ, ಅದು ಖರೆಯೇ.

"ನಡೀತೀರೋ, ಓಡ್ತೀರೋ?"

"ಕುದುರಿ ಓಡ್ತಾವ್ರಿ. ನಾ ನೋಡ್ತೇನಿ."

ಗಡಿಯಾರ

ನೋಡಿ ನೋಡಿ ನಾನೊಬ್ಬ ತಜ್ಞನೆಂಬ ಭ್ರಮೆ ಹುಟ್ಟಿತು. ಆ ಬಯಲಿನಲ್ಲಿ ಕೈಗಡಿಯಾರ ಇದ್ದದ್ದು ನನಗೊಬ್ಬನಿಗೇ. ಬಿಳಿ ಕುದುರೆಯ ಟಾಂಗಾವಾಲ ಹಿಂದಿನ ವರ್ಷ ಕೂದಲೆಳೆಯ ಅಂತರದಲ್ಲಿ ಸೋತಿದ್ದ. ಬೇವಿನ ಗಿಡದಿಂದ ಸೇತುವೆಗೆ ಅವನ ಕುದುರೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಲೆಕ್ಕ ಹಾಕುವ ಕೆಲಸವನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ. ದಿನದಿಂದ ದಿನಕ್ಕೆ ಹೊತ್ತು ಕಡಿಮೆಯಾಗುತ್ತ ಬಂತು. ಒಂದು ಮುಂಜಾನೆಯಂತೂ ಕುದುರೆ ಗಿಡ ಬಿಟ್ಟದ್ದೂ ಆರಕ್ಕೆ, ಸೇತುವೆ ಮುಟ್ಟಿದ್ದೂ ಆರಕ್ಕೆ. ಇಂಥ ಓಟ ಸುತ್ತ ಹತ್ತು ತಾಲೂಕಿನಲ್ಲಿ ಇಲ್ಲವೆಂದು ಅವನ ಬೆನ್ನು ಚಪ್ಪರಿಸಿದೆ. ಟಾಂಗಾವಾಲ ಸ್ವಲ್ಪ ವಿಚಾರ ಮಾಡಿ, ಭಾಳ ಮೆತ್ತಗೆ ಕೇಳಿದ.

"ಸರ, ಗಡಿಯಾರಕ್ಕ ಕೀಲಿ ಕೊಟ್ಟೀರೇನ್ರಿ?"

ಗೌರವದ ಜಾಗ

ಅಂದಿನಿಂದ ಅವನು ಹೊತ್ತು ಕೇಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಇನ್ನು ಗಾಡಿಯಲ್ಲೇ ಕೂತು ಬನ್ನಿ ಎಂದ. ನಡುವೆ ಇದ್ದ ಉಸುಕಿನ ಚೀಲಗಳನ್ನು ಇಳಿಸಿ, ಆ ಜಾಗದಲ್ಲಿ ಗೋಣಿತಟ್ಟು ಮಡಚಿ ಹಾಸಿ ನನ್ನನ್ನು ಕೂರಿಸಿದ. ಸಾಲೆಯಲ್ಲಿ ಕುರ್ಚಿ ಸಹ ಒರೆಸಿ ಕೊಡುವವರಿಲ್ಲ, ಇಲ್ಲಿ ಈ ಮರ್ಯಾದೆ. ನನಗೆ ಕಣ್ಣು ತುಂಬಿಬಂತು.

ಒಮ್ಮೆ ಜ್ವರ ಬಂದು ಎರಡು ದಿನ ತಪ್ಪಿಸಿದೆ. ಮನೆಗೇ ಬಂದು ವಿಚಾರಿಸಿದ. ನಮ್ಮಾಕೆ ನನಗೆ ಗಂಜಿ ಕೊಡುತ್ತಿದ್ದುದನ್ನು ಕಂಡು ಅವನ ಮುಖವೇ ಬಾಡಿತು.

"ಗಂಜಿ ಬ್ಯಾಡ್ರಿ ಅಕ್ಕಾರ, ತುಪ್ಪ ಹಾಕಿ ಉಣ್ಣಾಕ ಕೊಡ್ರಿ. ಸರ ಸೊರಗಬಾರ್ದು."

ಇಂಥ ಪ್ರೀತಿ ಅಣ್ಣತಮ್ಮಂದಿರಲ್ಲೂ ಇಲ್ಲ ಎಂದಳು ನಮ್ಮಾಕೆ.

ಶರ್ಯತ್ತಿನ ದಿನ

ಓಟದ ಗಾಡಿಯಲ್ಲಿ ನಾನೂ ಇರುತ್ತೇನೆಂದು ಸ್ಟಾಫ್ ರೂಮಿನಲ್ಲಿ, ವರ್ಗದಲ್ಲಿ, ಕಡೆಗೆ ಮಾವನ ಮನೆಗೂ ಕಾಗದ ಬರೆದು ಸಾರಿಬಿಟ್ಟಿದ್ದೆ. ನನ್ನ ಮಾನವೆಲ್ಲ ಆ ಗಾಡಿಯ ಮೇಲಿತ್ತು. ನಮ್ಮಾಕೆ ಹೊಸ ರುಮಾಲು ಕೊಟ್ಟು, ಆರತಿ ಮಾಡಿ ಕಳಿಸಿದಳು. ಬಯಲಿನಲ್ಲಿ ಹೆಡ್‌ಮಾಸ್ತರರ ಸಮೇತ ಇಡೀ ಸಾಲೆ ನೆರೆದಿತ್ತು. ಎಲ್ಲರಿಗೂ ಕೈಬೀಸಿ, ಗಾಡಿ ಹತ್ತಿ, ನನ್ನ ಜಾಗದಲ್ಲಿ ಕೂತೆ.

ಟಾಂಗಾವಾಲ ಬಂದು ಕೈ ಮುಗಿದ.

"ಸರ, ಇವತ್ತ ನೀವು ಇಳೀಬೇಕ್ರಿ."

ಯಾಕೆ ಎಂದೆ. ಕೇಳಬಾರದಿತ್ತು. ಅವನು ಕಪಟವಿಲ್ಲದ ಮನುಷ್ಯ, ಎಲ್ಲರಿಗೂ ಕೇಳಿಸುವಂತೆ ಹೇಳಿದ.

"ಎರಡು ತಿಂಗಳಾತು, ಕುದುರಿ ಉಸುಕಿನ ಚೀಲದ ಬದಲಿ ನಿಮ್ಮನ್ನ ಹೇರ್ಕೊಂಡು ಓಡೇತ್ರಿ. ಈಗ ನೀವು ಇಳದ್ರಂದ್ರ ಅದಕ್ಕ ರೆಕ್ಕಿ ಮೂಡ್ತಾವು."

ಹೆಡ್‌ಮಾಸ್ತರರು ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇಳಿದೆ. ಬಿಳಿ ಕುದುರೆ ಒಮ್ಮೆ ತಿರುಗಿ ನೋಡಿ, ನಂಬಿಕೆಯಾಗದೆ ಇನ್ನೊಮ್ಮೆ ನೋಡಿ, ಬಿಟ್ಟ ಬಾಣದಂತೆ ಹೋಯಿತು. ಎರಡನೆಯ ಗಾಡಿ ಗುರಿ ಮುಟ್ಟುವಷ್ಟರಲ್ಲಿ ಟಾಂಗಾವಾಲ ತನ್ನ ಕುದುರೆಗೆ ನೀರು ಕುಡಿಸುತ್ತಿದ್ದ. ತನಗೆ ಹಾಕಿದ ಮಾಲೆಯನ್ನು ತೆಗೆದು ಅವನು ನನ್ನ ಕೊರಳಿಗೇ ಹಾಕಿದ. ನಾಚಿಕೆಯ ನಡುವೆಯೂ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯಾಯಿತು.

ಮಾಲೆ ಕಂಡು ನಮ್ಮಾಕೆ ಬಾಗಿಲಿಗೇ ಓಡಿಬಂದಳು.

"ಗೆದ್ರೇನ್ರಿ?"

"ಗೆದ್ವಿ."

"ನೀವೇನ್ ಮಾಡಿದ್ರಿ?"

"ನಾ ಇಳದ್ನಿ."